ಸಾಹುಕಾರನ ನಂಬರಿಗೆ ಕೊಟ್ಟ ಸೀರೆ

"ಗುರುಗಳೇ, ನನ್ನ ಫೋನ್ ನಂಬರನ್ನು ಯಾರಾದರೂ ಕದ್ದರೆ ನನಗೇನು ನಷ್ಟ? ಬ್ಯಾಂಕಿನಲ್ಲಿ ಹಣವಿಲ್ಲ, ಹೆಸರಿನಲ್ಲಿ ಹೊಲವಿಲ್ಲ. ಕದ್ದವನೇ ಮರುಗಬೇಕು" ಎಂದು ಶಿಷ್ಯ ನಗುತ್ತ ಕೇಳಿದ.

ಗುರುಗಳು ನಗಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಸುತ್ತಲಿನ ನೇಕಾರರು ಮಗ್ಗದಿಂದ ಇಳಿಸಿದ ಸೀರೆಗಳನ್ನು ಅವನಿಗೇ ಮಾರುತ್ತಿದ್ದರು. ಅವನು ಯಾರ ಮನೆಗೂ ಹೋಗುತ್ತಿರಲಿಲ್ಲ. ಸೀರೆ ತರಲು ಒಬ್ಬ ಆಳನ್ನು ಕಳಿಸಿ, ಆ ಆಳಿನ ಫೋಟೋವನ್ನು ನೇಕಾರರ ವಾಟ್ಸಾಪ್ ಗುಂಪಿಗೆ ಹಾಕಿ, "ಇವನ ಕೈಗೆ ಕೊಡಿ" ಎಂದು ಬರೆಯುತ್ತಿದ್ದ. ಹಣ ಸಂತೆಯ ದಿನ ಅಂಗಡಿಯಲ್ಲಿ. ನಡುವೆ ಚೀಟಿಯಿಲ್ಲ, ಸಹಿಯಿಲ್ಲ. "ನನ್ನ ನಂಬರ್ ಬಂದರೆ ನಾನೇ ಬಂದ ಹಾಗೆ" ಎಂದು ಅವನೇ ಎಲ್ಲರಿಗೂ ಹೇಳಿದ್ದ. ನೇಕಾರರು ಬಂದವನ ಮುಖವನ್ನು ಫೋಟೋದೊಂದಿಗೆ ಹೋಲಿಸಿ ನೋಡಿ ಸೀರೆ ಕೊಡುತ್ತಿದ್ದರು.

ವ್ಯಾಪಾರಿಯ ಹುಟ್ಟುಹಬ್ಬ ಬಂತು. ಗೆಳೆಯರು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿದರು. ಅವನ ಫೋಟೋ, ಹುಟ್ಟಿದ ದಿನ, ತಂದೆಯ ಹೆಸರು, ಫೋನ್ ನಂಬರ್ ಎಲ್ಲವೂ ಅದರಲ್ಲಿದ್ದವು.

"ಇಷ್ಟೆಲ್ಲ ಬರೆಸುವ ಬದಲು ಆಧಾರ್ ಕಾರ್ಡನ್ನೇ ದೊಡ್ಡದು ಮಾಡಿಸಿ ನೇತುಹಾಕಬಹುದಿತ್ತು" ಎಂದಳು ಹೆಂಡತಿ. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ವಾರ ಕಳೆಯುವುದರೊಳಗೆ ಅವನಿಗೆ ಒಂದು ಕರೆ ಬಂತು. ಮಾತಾಡಿದವನು ತಾನು ಫೋನ್ ಕಂಪನಿಯವನು ಎಂದ. ವ್ಯಾಪಾರಿಯ ಹುಟ್ಟಿದ ದಿನ ಹೇಳಿದ, ತಂದೆಯ ಹೆಸರು ಹೇಳಿದ. "ನಿಮ್ಮ ಸಿಮ್ ಹಳೆಯದಾಗಿದೆ, ಬದಲಾಯಿಸುತ್ತೇವೆ. ಈಗ ಬಂದ ಮೆಸೇಜಿನ ಅಂಕಿಗಳನ್ನು ಓದಿ" ಎಂದ. ಅಪ್ಪನ ಹೆಸರು ಬಲ್ಲವನು ಕಳ್ಳನಾಗಿರಲಾರ ಎಂದು ವ್ಯಾಪಾರಿ ನಂಬಿದ. ಈ ಅಂಕಿಗಳನ್ನು ಯಾರಿಗೂ ಹೇಳಬೇಡಿ ಎಂದು ಅದೇ ಮೆಸೇಜಿನಲ್ಲಿ ಬರೆದಿತ್ತು. ಅವನು ಅಂಕಿ ಓದಿದ, ಉಳಿದದ್ದನ್ನು ಓದಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅವನ ಫೋನಿನ ನೆಟ್‌ವರ್ಕ್ ಹೋಯಿತು.

"ನಿಮ್ಮದೂ ನನ್ನದೂ ಒಂದೇ ಕಂಪನಿ. ನನ್ನ ಫೋನಿಗೆ ನೆಟ್‌ವರ್ಕ್ ಇದೆ, ನಿಮ್ಮದಕ್ಕೇಕೆ ಇಲ್ಲ? ಈಗಲೇ ಹೋಗಿ ಕೇಳಿಬನ್ನಿ" ಎಂದಳು ಹೆಂಡತಿ.

"ಬರುತ್ತೆ ಬಿಡೇ. ಇವತ್ತಾದರೂ ಯಾರ ಕಾಟವಿಲ್ಲದೆ ಮಲಗುತ್ತೇನೆ" ಎಂದು ಅವನು ಮಧ್ಯಾಹ್ನ ಉಂಡು ಮಲಗಿದ.

ಅವನು ಮಲಗಿದ್ದಾಗ ಅವನ ನಂಬರ್ ದುಡಿಯುತ್ತಿತ್ತು. ಅದು ಈಗ ಕಳ್ಳನ ಫೋನಿನಲ್ಲಿತ್ತು. ಊರಿನ ವಾಡಿಕೆ ಕಳ್ಳನಿಗೆ ಗೊತ್ತಿತ್ತು. ಗುಂಪಿಗೆ ಒಂದು ಫೋಟೋ ಹೋಯಿತು, ಕೆಳಗೆ "ಇವನ ಕೈಗೆ ಕೊಡಿ" ಎಂದು ಬರೆದಿತ್ತು.

ಒಬ್ಬ ನೇಕಾರ ಹೆಂಗಸು ಚೊಚ್ಚಲ ಬಸುರಿ ಮಗಳನ್ನು ಬಾಣಂತನಕ್ಕೆ ಕರೆತರುವ ಖರ್ಚಿಗೆಂದು ಸಾಲ ಮಾಡಿ ರೇಷ್ಮೆ ಕೊಂಡು ಸೀರೆಗಳನ್ನು ನೇಯ್ದಿದ್ದಳು. ಬಂದವನ ಮುಖವನ್ನು ಫೋಟೋದೊಂದಿಗೆ ಹೋಲಿಸಿದಳು. ಸರಿಯಾಗಿತ್ತು. ಕೊಟ್ಟಳು.

ಸಂಜೆ ಎಚ್ಚರವಾದಾಗಲೂ ನೆಟ್‌ವರ್ಕ್ ಬಂದಿರಲಿಲ್ಲ; ವ್ಯಾಪಾರಿ ಕಂಪನಿಯ ಅಂಗಡಿಗೆ ಓಡಿದ, ನಂಬರ್ ಬೇರೆಯವರ ಸಿಮ್ಮಿಗೆ ಹೋಗಿದೆಯೆಂದು ತಿಳಿದು ಠಾಣೆಯಲ್ಲಿ ದೂರು ಕೊಟ್ಟ. ನಂಬರ್ ಮರಳಿ ಬಂತು. ಸೀರೆಗಳು ಬರಲಿಲ್ಲ.

ಸಂತೆಯ ದಿನ ಹೆಂಗಸು ಹಣಕ್ಕೆ ಬಂದಳು.

"ಆ ಮೆಸೇಜು ನನ್ನದಲ್ಲವಮ್ಮ. ಕಂಪನಿಯವನೆಂದು ನಂಬಿ ಅಂಕಿ ಹೇಳಿದೆ, ಕಳ್ಳ ನನ್ನ ನಂಬರ್ ಕದ್ದ. ನಾನೂ ಮೋಸ ಹೋದವನೇ" ಎಂದ ವ್ಯಾಪಾರಿ.

"ಇರಬಹುದು ಸಾಹುಕಾರ್ರೇ. ಆದರೆ ಅಂಕಿ ಹೇಳಿದ ಬಾಯಿ ನಿಮ್ಮದು, ಸೀರೆ ನೇಯ್ದ ಕೈ ನನ್ನದು. ಬಾಯಿ ಮಾಡಿದ್ದಕ್ಕೆ ಕೈಗೇಕೆ ಬರೆ?"

ವ್ಯಾಪಾರಿ ಅರ್ಧ ಬೆಲೆ ಕೊಟ್ಟು ತಾನು ಧರ್ಮಿಷ್ಠನೆಂದುಕೊಂಡ. ಅದು ಅವಳ ರೇಷ್ಮೆಯ ಸಾಲಕ್ಕೇ ಸರಿಹೋಯಿತು. ಮಗಳು ಗಂಡನ ಮನೆಯಲ್ಲೇ ಹೆತ್ತಳು.

ಗುರುಗಳು ಕತೆ ನಿಲ್ಲಿಸಿದರು.

"ಆ ವ್ಯಾಪಾರಿ ದಡ್ಡ, ಗುರುಗಳೇ. ಅವನ ಬಳಿ ವ್ಯಾಪಾರವಿತ್ತು, ಕಳ್ಳ ಬಂದ. ನನ್ನ ಬಳಿ ಏನಿದೆ?" ಎಂದ ಶಿಷ್ಯ.

ಗುರುಗಳು ಕೇಳಿದರು: "ನಿನ್ನ ನಂಬರಿನಿಂದ 'ಕಷ್ಟದಲ್ಲಿದ್ದೇನೆ' ಎಂಬ ಒಂದು ಸಾಲು ಬಂದರೆ, ಹಿಂದೆಮುಂದೆ ನೋಡದೆ ಕಿವಿಯ ಓಲೆ ಬಿಚ್ಚಿ ಅಡವಿಡುವವಳು ಯಾರಪ್ಪಾ?"