ಸಮಾಧಿಯ ಅಂಗಳದ ಹಣತೆಗಳು

ಗುರುದೀಕ್ಷೆ ಪಡೆದು ಪಾದ್ರಿಯಾಗಲು ಇನ್ನು ಒಂದು ತಿಂಗಳಿತ್ತು. ಚೌರಪ್ಪನೆಂಬ ಶಿಷ್ಯ ಗುರುಮಠದಲ್ಲಿ ಚರಿತ್ರೆ ಕಲಿಸುತ್ತಿದ್ದ ಗುರುಗಳ ಬಳಿಗೆ ಬಂದು ಕೇಳಿದ: “ಸ್ವಾಮಿ, ಒಂಬತ್ತು ವರ್ಷ ಓದಿದೆ. ಮೊದಲ ಕಾಲದ ಸಂತರಲ್ಲಿ ಎಷ್ಟೋ ಮಂದಿ ನಿಜವಾಗಿ ಇದ್ದರು ಎನ್ನುವುದಕ್ಕೆ ಪುರಾವೆಯೇ ಸಿಗಲಿಲ್ಲ. ಹೀಗಿರುವಾಗ ನಂಬಿ ಎಂದು ಜನರಿಗೆ ಯಾವ ಬಾಯಲ್ಲಿ ಹೇಳಲಿ? ಊರಿಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಲೇ?”

ಗುರುಗಳು ವಯಸ್ಸಾದವರು, ಸ್ವಲ್ಪ ಮುಂಗೋಪಿ. “ಪೆಟ್ಟಿಗೆ ಕಟ್ಟುವುದು ಇದ್ದೇ ಇದೆ, ಮೊದಲು ಕೂತುಕೋ” ಎಂದು ಈ ಕತೆ ಹೇಳಿದರು.

ಸಮುದ್ರದಾಚೆಯ ಒಂದು ಒಣನಾಡಿನಲ್ಲಿ ಗುಡ್ಡದ ಬಂಡೆ ಕೊರೆದು ಮಾಡಿದ ಸಮಾಧಿಯೊಂದಿತ್ತು. ಕ್ರಿಸ್ತನನ್ನು ನಂಬಿದವರನ್ನು ಅರಸರು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಮೊದಲ ದಿನಗಳಲ್ಲಿ, ಅಡಗಿದ್ದವರಿಗೆ ರೊಟ್ಟಿ ಸುಟ್ಟು ಕೊಟ್ಟ ಹೆಂಗಸೊಬ್ಬಳನ್ನು ಅಲ್ಲಿ ಹೂಳಿದ್ದಾರೆ ಎಂದು ಊರವರು ಹೇಳುತ್ತಿದ್ದರು. ಸಮಾಧಿಯ ಅಂಗಳದಲ್ಲಿ ಮಣ್ಣಿನ ಹಣತೆ ಹಚ್ಚುತ್ತಿದ್ದರು. ಹಚ್ಚಿದ ಹಣತೆಯನ್ನು ಮನೆಗೆ ಒಯ್ಯುವ ಪದ್ಧತಿ ಇರಲಿಲ್ಲ. ಎಣ್ಣೆ ತೀರಿದ ಹಣತೆಗಳು ಒಂದರ ಮೇಲೊಂದು ಬಿದ್ದು, ಮಣ್ಣು ಮುಚ್ಚಿಕೊಂಡು, ಅಂಗಳ ಆಳೆತ್ತರ ತುಂಬಿತ್ತು.

ಆ ಗುಡ್ಡದ ಮೇಲೆ ಕಲ್ಲುಗಣಿಯವರ ಕಣ್ಣು ಬಿತ್ತು. ಊರವರು ಗೋಗರೆದ ಮೇಲೆ ಸರ್ಕಾರ ಉತ್ಖನನ ಬಲ್ಲ ಒಬ್ಬ ವಿದ್ವಾಂಸನನ್ನು ಕಳಿಸಿತು. ಸಮಾಧಿ ಮೊದಲ ಕ್ರೈಸ್ತರ ಕಾಲದ್ದೆಂದು ಆತ ತೋರಿಸಿದರೆ ಗುಡ್ಡ ಉಳಿಯುತ್ತದೆ, ಇಲ್ಲವಾದರೆ ಗಣಿಯವರದು. ಅವನಿಗೆ ನಲವತ್ತು ದಿನ ಕೊಟ್ಟಿದ್ದರು.

ವಿದ್ವಾಂಸ ಪ್ರಾಮಾಣಿಕ, ಕೆಲಸ ಬಲ್ಲವನು. ಒಂದು ವಸ್ತು ನೆಲದ ಯಾವ ಪದರದಲ್ಲಿ ಸಿಕ್ಕಿತು ಎಂಬುದರಿಂದಲೇ ಅದರ ವಯಸ್ಸು ತಿಳಿಯುವುದು, ಪದರ ಕಲಸಿದರೆ ಎಲ್ಲ ಮುಗಿಯಿತು ಎಂದು ಊರೂರಿನಲ್ಲಿ ಪಾಠ ಹೇಳಿದವನು. ಅಂಗಳಕ್ಕೆ ಬಂದವನೇ ಮೇಲಿದ್ದ ಹಣತೆಯೊಂದನ್ನು ಎತ್ತಿ ನೋಡಿದ. ಆ ವಾರದ ಸಂತೆಯಲ್ಲಿ ಮಾರುತ್ತಿದ್ದಂಥದ್ದೇ. ಇದೆಲ್ಲ ನಿನ್ನೆ ಮೊನ್ನೆಯ ಕಸ, ಮೂಳೆ ಒಳಗಿರುತ್ತದೆ, ಹೆಸರು ಒಳಗಿರುತ್ತದೆ, ಬಾಗಿಲಿಗೆ ದಾರಿ ಮಾಡಿ ಎಂದ. ಆಳುಗಳು ಹದಿನೈದು ದಿನ ಬುಟ್ಟಿಯಲ್ಲಿ ಹೊತ್ತು ಕೊರಕಲಿಗೆ ಸುರಿದರು.

ದಿನವೂ ಹಣತೆ ತರುತ್ತಿದ್ದ ಮುದುಕಿಯೊಬ್ಬಳು ಕೇಳಿದಳು: “ಇದನ್ನೆಲ್ಲ ಯಾಕಪ್ಪ ಎಸೀತೀಯ?”

“ಆಕೆ ಇಲ್ಲಿದ್ದಳು ಅನ್ನೋದಕ್ಕೆ ಸಾಕ್ಷಿ ಹುಡುಕ್ತಿದ್ದೀನಮ್ಮ. ಇದು ಅಡ್ಡ ಬಂದಿದೆ.”

“ನಮ್ಮಜ್ಜಿ ಇಟ್ಟಿದ್ದೂ ಅದರಲ್ಲೇ ಇದೆ. ಅವಳ ಅಜ್ಜಿ ಇಟ್ಟಿದ್ದೂ ಇದೆ.”

ಆತ ನಕ್ಕು ಅವಳನ್ನು ಪಕ್ಕದ ನೆರಳಿನಲ್ಲಿ ಕೂರಿಸಿದ.

ಬಾಗಿಲು ತೆರೆಯಿತು. ಕಳ್ಳರು ಯಾವ ಕಾಲದಲ್ಲೋ ಒಳಗಿದ್ದದ್ದನ್ನು ಬಳಿದುಕೊಂಡು ಹೋಗಿದ್ದರು. ಮೂಳೆಯಿಲ್ಲ, ಹೆಸರಿಲ್ಲ, ಗೋಡೆ ಬೋಳು. ಉಳಿದ ದಿನಗಳೆಲ್ಲ ಆತ ಒಳಗಿನ ಮಣ್ಣು ಜರಡಿ ಹಿಡಿದ. ನಲವತ್ತನೆಯ ದಿನ ಬರಿಗೈಯಲ್ಲಿ ಹೊರಬಂದು ಕೊರಕಲಿನ ಅಂಚಿನಲ್ಲಿ ಕೂತ. ಕಾಲ ಬಳಿ ಕಪ್ಪಾದ ಹಣತೆಯೊಂದು ಬಿದ್ದಿತ್ತು. ಅದರ ಆಕಾರ ಸಂತೆಯದಲ್ಲ. ಮಣ್ಣು ಹಸಿಯಿದ್ದಾಗಲೇ ಯಾರೋ ಉಗುರಿನಿಂದ ಒಂದು ಮೀನು ಗೀರಿದ್ದರು. ಮೊದಲ ಕ್ರೈಸ್ತರು ಒಬ್ಬರನ್ನೊಬ್ಬರು ಗುರುತಿಸಲು ಗುಟ್ಟಾಗಿ ಬಳಸುತ್ತಿದ್ದ ಗುರುತು ಅದು.

ಆತ ಕೊರಕಲಿಗೆ ಇಳಿದು ಎರಡು ಕೈಯಲ್ಲೂ ಕೆದಕಿದ. ಅಂಥವು ಇನ್ನೂ ಇದ್ದವು, ಈ ವರ್ಷದವುಗಳ ಜೊತೆ ಕಲೆತು. ಮೊದಲ ದಿನಗಳಿಂದ ಇಂದಿನವರೆಗೆ ಜನ ಬಿಡದೆ ಬಂದದ್ದು ಅಂಗಳದಲ್ಲಿ ಪದರ ಪದರವಾಗಿ ಉಳಿದಿತ್ತು. ಈಗ ಅದು ಬರೀ ಚೂರಿನ ಗುಡ್ಡೆ. ಕೊರಕಲಿನಲ್ಲಿ ಸಿಕ್ಕ ಹಣತೆ ಎಲ್ಲಿಂದಲಾದರೂ ಬಂದಿರಬಹುದು. ಬೇರೆಯವರು ತಂದು ತೋರಿಸಿದ್ದರೆ ಅವನೇ ಒಪ್ಪುತ್ತಿರಲಿಲ್ಲ.

ಆತ ಸುಳ್ಳು ಬರೆಯಲಿಲ್ಲ. ಸಾಕ್ಷಿ ಇತ್ತು, ನಾನೇ ಹೊರಗೆ ಸುರಿಸಿದೆ ಎಂದು ವರದಿ ಕೊಟ್ಟ. ಸರ್ಕಾರ ಅದನ್ನು ಒಪ್ಪಲಿಲ್ಲ. ಮುಂದಿನ ತಿಂಗಳಿನಿಂದ ಗುಡ್ಡ ಜಲ್ಲಿಯಾಗತೊಡಗಿತು. ಮುದುಕಿ ಹಣತೆ ಹಿಡಿದು ಬಂದು, ಎಲ್ಲಿಡಬೇಕೆಂದು ತಿಳಿಯದೆ, ಹಾಗೇ ಮನೆಗೆ ಒಯ್ದಳು.

“ಅವಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ” ಎಂದು ಗುರುಗಳು ಕತೆ ಮುಗಿಸಿದರು.

ಚೌರಪ್ಪ ಹೇಳಿದ: “ಅಷ್ಟು ಓದಿದವನು ಮುದುಕಿಯ ಮಾತನ್ನಾದರೂ ಕೇಳಬಹುದಿತ್ತು, ಸ್ವಾಮಿ.”

“ಅವನ ವಿಷಯ ಬಿಡು, ಪುರಾವೆ ಹುಡುಕುವ ಭರದಲ್ಲಿ, ನಿನ್ನ ಕೈ ಹಿಡಿದು ಮೊದಲ ಸಲ ಶಿಲುಬೆಯ ಗುರುತು ಹಾಕಿಸಿದವರನ್ನು ನೀನು ಯಾವ ಬುಟ್ಟಿಗೆ ತುಂಬಿ ಎಸೆದೆ?”