ರಾಮಿರೊನ ಗ್ಲೌಸಿನ ಚೀಲ

ಅಮೆರಿಕದ ಒಂದು ಊರಿನ ಬೇಸ್‌ಬಾಲ್ ತಂಡದಲ್ಲಿ ರಾಮಿರೊ ಎಂಬ ಆಟಗಾರನಿದ್ದ. ಬೇಸ್‌ಬಾಲಿನಲ್ಲಿ ಮೈದಾನದ ಒಂದೊಂದು ಜಾಗಕ್ಕೂ ಒಬ್ಬೊಬ್ಬ ಆಟಗಾರ, ಜಾಗಕ್ಕೆ ತಕ್ಕ ಗ್ಲೌಸು. ಉಳಿದವರು ಒಂದೊಂದೇ ಗ್ಲೌಸು ಹಿಡಿದು ಬಂದರೆ ರಾಮಿರೊ ಮಾತ್ರ ಚೀಲದ ತುಂಬ ಹೊತ್ತು ತರುತ್ತಿದ್ದ. ಯಾರಿಗೆ ಕಾಲು ಉಳುಕಿದರೂ, ಯಾರಿಗೆ ಜ್ವರ ಬಂದರೂ ಅವರ ಜಾಗದಲ್ಲಿ ನಿಲ್ಲುವವನು ಅವನೇ.

"ಏನಪ್ಪಾ, ಅಂಗಡಿ ತೆರೆದ್ಯಾ?" ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ರಾಮಿರೊ ನಕ್ಕುಬಿಡುತ್ತಿದ್ದ. ಆದರೆ ರನ್ನಿಗಾಗಿ ಓಡುವವನು ಮುಟ್ಟಬೇಕಾದ ನಾಲ್ಕು ಬೇಸುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಶಾರ್ಟ್‌ಸ್ಟಾಪ್ ಜಾಗ ತನ್ನದೇ ಆಗಬೇಕೆಂದು ಒಳಗೊಳಗೇ ಅವನಿಗೆ ಬಲು ಆಸೆ. ಹಾಗೆಂದು ಉಳಿದ ಗ್ಲೌಸುಗಳನ್ನು ಮೂಲೆಗೆ ಎಸೆದವನಲ್ಲ. ಬಿಡುವಾದಾಗಲೆಲ್ಲ ಒಂದೊಂದಕ್ಕೂ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ತೊಗಲು ಒಣಗಿದರೆ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ.

ಕೊನೆಗೊಂದು ವರ್ಷ ಫೈನಲ್ ಪಂದ್ಯಕ್ಕೆ ಅವನನ್ನು ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಿಸಿದರು. "ಇವತ್ತು ಪೂರ್ತಿ ಆಡಿ ತೋರಿಸು. ಮುಂದಿನ ವರ್ಷದಿಂದ ಈ ಜಾಗ ನಿಂದೇ," ಎಂದ ಕೋಚ್ ಡೆಲ್ಮರ್.

ಆಟ ಅರ್ಧ ಮುಗಿದಿತ್ತು. ತಂಡದ ಕ್ಯಾಚರ್, ಅಂದರೆ ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ, ಬೆರಳು ಮುರಿದುಕೊಂಡು ಹೊರಬಂದ. ಆ ಕೆಲಸ ಬಲ್ಲವನು ಇನ್ನು ರಾಮಿರೊ ಒಬ್ಬನೇ. ಡೆಲ್ಮರ್ ಅವನ ಹತ್ತಿರ ಬಂದು ಕ್ಯಾಚರ್‌ನ ಖಾಲಿ ಜಾಗದತ್ತ ನೋಡಿದ.

ರಾಮಿರೊ ತಿರುಗಿ ನೋಡಿದ. ಬೆಂಚಿನ ಮೇಲಿದ್ದ ಹೊಸ ಆಟಗಾರ ವೆಂಡೆಲ್ ಬಲು ಚುರುಕು. ತಾನು ಕದಲಿದರೆ ಜಾಗ ಹೋದ ಹಾಗೆಯೇ. ಕದಲದಿದ್ದರೆ ಪಂದ್ಯ ಹೋಗುತ್ತದೆ.

"ಚೀಲದಲ್ಲಿ ಆ ಗ್ಲೌಸೂ ಇದೆ," ಎಂದ. "ವೆಂಡೆಲ್‌ನ ಇಲ್ಲಿ ನಿಲ್ಲಿಸಿ."

ವರ್ಷಗಳಿಂದ ಬಳಸದಿದ್ದರೂ ಗ್ಲೌಸು ಮೆತ್ತಗೇ ಇತ್ತು. ಕೊನೆಯ ಗಳಿಗೆಯಲ್ಲಿ ಜೊತೆಯವನು ಎಸೆದ ಚೆಂಡು ನೆಲಕ್ಕೆ ಬಡಿದು ಎಗರಿತು. ಎದುರಾಳಿ ರನ್ನಿಗಾಗಿ ಅವನತ್ತಲೇ ಓಡಿ ಬರುತ್ತಿದ್ದ. ರಾಮಿರೊ ಎದೆಯೊಡ್ಡಿ ಚೆಂಡನ್ನು ತಡೆದು, ಗ್ಲೌಸಿಗೆ ಸೇರಿಸಿ, ಓಡಿಬಂದವನನ್ನು ಮುಟ್ಟಿ ಔಟ್ ಮಾಡಿದ. ತಂಡ ಗೆದ್ದಿತು. ಶಾರ್ಟ್‌ಸ್ಟಾಪ್ ಜಾಗ ವೆಂಡೆಲ್‌ಗೆ ಹೋಯಿತು. ರಾಮಿರೊಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೂ ಮತ್ತೆ ಚೀಲ ಹೊತ್ತ.

ವರ್ಷಗಳು ಕಳೆದು ಅವನ ಕೊನೆಯ ಪಂದ್ಯ ಬಂತು. ವೆಂಡೆಲ್ ಬಂದು, "ಅಣ್ಣಾ, ಇವತ್ತು ನನ್ನ ಜಾಗದಲ್ಲಿ ನೀನು ಆಡು," ಎಂದ. "ನನ್ನದೂ ತಗೋ," ಎಂದ ಇನ್ನೊಬ್ಬ. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಜಾಗ ಬಿಟ್ಟುಕೊಡಲು ಎದ್ದು ನಿಂತರು.

ರಾಮಿರೊನ ಕಣ್ಣು ತುಂಬಿತು. ಚೀಲ ಬಿಚ್ಚುತ್ತಾ ಕೇಳಿದ: "ಅದಿರಲಿ. ಇವತ್ತು ಯಾರಿಗೆ ಕಾಲು ನೋಯ್ತಿದೆ, ಅದನ್ನ ಹೇಳಿ."

ನೀತಿ: ಕಲಿತದ್ದನ್ನೆಲ್ಲ ಕಾಪಾಡಿಕೊಂಡು, ಬೇಕಾದಾಗ ಬೇಕಾದ ಕಡೆ ನಿಲ್ಲುವವನನ್ನು ಜೊತೆಯವರು ಎಂದೂ ಮರೆಯುವುದಿಲ್ಲ.