ಇರುವೆಯ ಮಳೆ ಬ್ಲಾಗ್

ಇರುವೆಯೊಂದು ಬ್ಲಾಗ್ ನಡೆಸುತ್ತಿತ್ತು. ಅದರಲ್ಲಿ ಮಳೆಯ ಸುದ್ದಿಯ ಹೊರತು ಬೇರೇನೂ ಇರುತ್ತಿರಲಿಲ್ಲ. ಕೋತಿಯಾದರೋ ತನ್ನ ಬ್ಲಾಗಿನಲ್ಲಿ ಮಾವು, ಮದುವೆ, ಹುಲಿಯ ಜಾತಕ ಎಲ್ಲವನ್ನೂ ಬರೆಯುತ್ತಿತ್ತು.

“ದಿನವೂ ಮಳೆಯೊಂದನ್ನೇ ಬರೆಯಲು ನಿಮಗೆ ಬೇಸರವಾಗುವುದಿಲ್ಲವೇ?” ಎಂದು ಕೋತಿ ಕೇಳಿತು.

“ಮಳೆಗೆ ಬೇಸರವಾಗುವ ತನಕ ನನಗೂ ಆಗದು,” ಎಂದಿತು ಇರುವೆ.

ಒಂದು ಮಧ್ಯಾಹ್ನ ಇರುವೆ ಬರೆಯಿತು: “ನಾವು ಮೊಟ್ಟೆಗಳನ್ನು ಎತ್ತರಕ್ಕೆ ಸಾಗಿಸುತ್ತಿದ್ದೇವೆ.” ಅದನ್ನು ಓದಿದ ಮೊಲ ಹಳ್ಳದ ದಂಡೆಯಲ್ಲಿದ್ದ ಮರಿಗಳನ್ನು ತಕ್ಷಣ ದಿಣ್ಣೆಗೆ ಒಯ್ದಿತು. ಸಂಜೆಗೆ ಹಳ್ಳ ಉಕ್ಕಿ ದಂಡೆಯನ್ನೇ ನುಂಗಿತು.

ಮೊಲ ಇರುವೆಗೆ ಕೈಮುಗಿಯಿತು.

“ಆ ಸುದ್ದಿಯನ್ನು ನಾನೂ ಬರೆದಿದ್ದೆ!” ಎಂದು ಕೋತಿ ಮುನಿಸಿಕೊಂಡಿತು.

“ಎಲ್ಲಿ, ತೋರಿಸಿ,” ಎಂದಿತು ಮೊಲ.

ನೀರು ಇಳಿದು ದಂಡೆ ಒಣಗಿದರೂ ಕೋತಿ ತನ್ನ ಬ್ಲಾಗಿನಲ್ಲಿ ಅದನ್ನು ಹುಡುಕುತ್ತಲೇ ಇತ್ತು.